ಗಂಟಲಲ್ಲಿ ಗಂಟಾದ ಪ್ರೀತಿ

ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ನನಗೆ ಹೆಂಡತಿಯ ಮೇಲೆ ಪ್ರೀತಿ ಹುಟ್ಟಿತು. ಮೊದಲು ಇರಲಿಲ್ಲವೆಂದಲ್ಲ. ಕೊಟ್ಟೂರಿನಲ್ಲಿ ಎಸ್‌ಟಿಡಿ ಬೂತಿನ ಪಕ್ಕದ ನನ್ನ ಪಾತ್ರೆ ಅಂಗಡಿ, ಗಿರಾಕಿಗಳು, ಮಧ್ಯಾಹ್ನದ ನಿದ್ದೆ, ಇವುಗಳ ನಡುವೆ ಅದನ್ನು ಗಮನಿಸಲು ಪುರಸೊತ್ತು ಸಿಕ್ಕಿರಲಿಲ್ಲ.

ಆ ಬೇಸಿಗೆಯಲ್ಲಿ ಎಲ್ಲವೂ ಬದಲಾಯಿತು. ನಾಗವೇಣಿ ಚಹಾ ತಂದರೆ ಎದೆ ಢವಢವ ಎನ್ನುತ್ತಿತ್ತು. ಬಸಿ ಹಿಡಿದ ಕೈ ನಡುಗುತ್ತಿತ್ತು. ನಿದ್ದೆ ಹತ್ತುತ್ತಿರಲಿಲ್ಲ. ಎರಡು ಪಟ್ಟು ಉಂಡರೂ ಮೈ ಇಳಿಯುತ್ತಿತ್ತು. ಇದೇ ವಿರಹ ಎಂದು ತೀರ್ಮಾನಿಸಿದೆ. ಹೆಂಡತಿ ಅಡುಗೆಮನೆಯಲ್ಲೇ ಇದ್ದಳು ಎಂಬುದು ಬೇರೆ ಮಾತು. ಅಂಗಡಿಯಲ್ಲಿ ಕೂತು ಮೋಡ ನೋಡುತ್ತಾ, ಕೊಡ ಕೇಳಿದವರಿಗೆ ಪರಾತ ಕೊಟ್ಟು ಕಳಿಸುತ್ತಿದ್ದೆ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೇಳಿಯೇಬಿಟ್ಟೆ. "ನಾಗಿ, ನಿನ್ನ ನೋಡಿದ್ರ ನನಗ ಎದಿ ಹೊಡ್ಕೊಳ್ತೈತಿ."

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ನನ್ನ ನೋಡಿದಾಗ ಅಷ್ಟ ಏನ್ರಿ, ಎಮ್ಮಿ ನೋಡಿದ್ರೂ ಹೊಡ್ಕೊಳ್ತೈತೋ?"

ಯೋಚಿಸಿದೆ. ಎಮ್ಮೆ ನೋಡಿದರೂ ಹೊಡೆದುಕೊಳ್ಳುತ್ತಿತ್ತು.

ಅವಳು ಹತ್ತಿರ ಬಂದು ನನ್ನ ಕೊರಳ ಮೇಲೆ ಬೆರಳಿಟ್ಟಳು. ನಾನು ಕಣ್ಣು ಮುಚ್ಚಿದೆ. ತೇಲಿದಂತಾಯಿತು.

"ಇಲ್ಲೊಂದು ಗಂಟು ಐತಿ ನೋಡ್ರಿ" ಎಂದಳು.

ದಾವಣಗೆರೆಯ ಡಾಕ್ಟರು ರಕ್ತ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. "ಥೈರಾಯ್ಡ್ ಗ್ರಂಥಿಯಲ್ಲಿ ಗಂಟಾಗಿದೆ. ಅದು ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನ್ ಸುರೀತಾ ಇದೆ. ಎದೆ ಬಡಿತ, ಕೈ ನಡುಕ, ನಿದ್ದೆ ಬರದೇ ಇರೋದು ಎಲ್ಲಾ ಅದರದ್ದೇ. ಹೀಗೇ ಬಿಟ್ರೆ ಹೃದಯಕ್ಕೆ ತೊಂದರೆ."

ನನ್ನ ಪ್ರೀತಿಗೆ ಲ್ಯಾಬೊರೇಟರಿಯ ಮೊಹರು ಬಿದ್ದಿತ್ತು. ತಮಾಷೆ ಮಾಡೋಣವೆಂದರೆ ನಾಗವೇಣಿಯ ಮುಖ ಬಿಳುಚಿಕೊಂಡಿತ್ತು.

"ಕೊಯ್ಯಬೇಕೇನ್ರಿ?" ಎಂದಳು.

"ಕೊಯ್ಯದೆಯೂ ಆಗುತ್ತಮ್ಮ. ಬೆಂಗಳೂರಿಗೆ ಹೋಗಿ ವಿಕಿರಣದ ಅಯೋಡಿನ್ ನುಂಗಬಹುದು. ಆದರೆ ಆಮೇಲೆ ಕೆಲವು ದಿನ ಮನೆಯವರಿಂದ ದೂರ ಇರಬೇಕು. ಇಲ್ಲಾಂದ್ರೆ ಇಲ್ಲೇ ಸ್ಕ್ಯಾನಿಂಗ್‌ನಲ್ಲಿ ನೋಡ್ತಾ ಗಂಟಿಗೆ ಸೂಜಿಯಿಂದ ಸ್ಪಿರಿಟ್ ಬಿಡ್ತೀವಿ. ಗಂಟು ಕುಗ್ಗುತ್ತೆ. ನಾಲ್ಕಾರು ಸಲ ಬರಬೇಕಾಗುತ್ತೆ."

"ನುಂಗೋದ ಚಲೋ ಅಲ್ಲೇನ್ರಿ?" ಎಂದು ನಾಗವೇಣಿ ನನ್ನತ್ತ ತಿರುಗಿದಳು.

"ನಿನ್ನ ಬಿಟ್ಟು ನಾ ಇರಂಗಿಲ್ಲ" ಎಂದೆ.

ಡಾಕ್ಟರು ಕಿಟಕಿಯಾಚೆ ನೋಡಿದರು. ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೀಗೆ ಸೂಜಿ ನಿಶ್ಚಯವಾಯಿತು.

"ಮಾತಾಡಬೇಡಿ, ಉಗುಳೂ ನುಂಗಬೇಡಿ, ನೋವಾದ್ರೆ ಕೈ ಎತ್ತಿ" ಎಂದರು ಡಾಕ್ಟರು. ಅದೇನು ಮಹಾ ಎಂದುಕೊಂಡು ಮಲಗಿದೆ. ಮೇಲೆ ಫ್ಯಾನು ನಿಧಾನ ತಿರುಗುತ್ತಿತ್ತು. ನೋಡುತ್ತ ನೋಡುತ್ತ ಹಂಪಸಾಗರದ ಹೊಳೆ ಕಂಡಿತು. ತೆಪ್ಪದಲ್ಲಿ ನಾನು, ನಾಗವೇಣಿ. ನೀರಿನ ಮೇಲೆ ಬೆಳ್ಳಕ್ಕಿಗಳು. ಅಷ್ಟರಲ್ಲಿ ಗಂಟಲು ಚುರ್ ಎಂದಿತು. ತೆಪ್ಪ ವಾಲಿತು.

"ನಾಗೀ, ಗಟ್ಟಿ ಹಿಡ್ಕೋ" ಎಂದು ಕೂಗಿದೆ.

ಸೂಜಿ ಅಲುಗಿತು. ಸ್ಪಿರಿಟ್ ಗಂಟಿನಾಚೆ ಸೋರಿ ದನಿಯ ನರಕ್ಕೆ ತಾಗಿತು. ನನ್ನ ದನಿ ಹೋಯಿತು. ಮುಂದೆ ಹಲವು ವಾರ ಬಾಯಿ ತೆರೆದರೆ ಕುಕ್ಕರಿನಂತೆ ಉಸ್ ಎನ್ನುತ್ತಿದ್ದೆ. ಪಾತ್ರೆ ವ್ಯಾಪಾರಕ್ಕೆ ಒಪ್ಪುವಂತೆಯೇ ಇತ್ತು.

ಉಳಿದ ಸೂಜಿಗಳನ್ನು ಕಲ್ಲಿನಂತೆ ಮಲಗಿ ಚುಚ್ಚಿಸಿಕೊಂಡೆ. ದನಿ ಮರಳಿತು. ಕೊನೆಗೊಂದು ದಿನ ಡಾಕ್ಟರು ರಕ್ತದ ವರದಿ ನೋಡಿ, "ಎಲ್ಲಾ ಸರಿಯಾಗಿದೆ" ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ನಾಗವೇಣಿ ಕಿಟಕಿಯ ಪಕ್ಕ ಕೂತಿದ್ದಳು. ಗಾಳಿಗೆ ಮುಂಗೂದಲು ಹಾರುತ್ತಿತ್ತು. ಯಾವ ಗ್ರಂಥಿಯ ಸಹಾಯವೂ ಇಲ್ಲದೆ ಒಂದು ಮಾತು ಹೇಳಬೇಕೆನಿಸಿತು. ಮನಸ್ಸಿನಲ್ಲೇ ಪದ ಜೋಡಿಸಿದೆ. ಹರಪನಹಳ್ಳಿ ದಾಟಿದ ಮೇಲೆ ಹೇಳೋಣ ಎಂದುಕೊಂಡೆ.

ಯಾರೋ ಭುಜ ಅಲುಗಿಸಿದರು. ಕಂಡಕ್ಟರ್.

"ಇಳೀರಿ ಯಜಮಾನ್ರ, ಕೂಡ್ಲಿಗಿ ಬಂತು."

ಕೊಟ್ಟೂರು ಹಿಂದೆ ಹೋಗಿತ್ತು. ಪಕ್ಕದ ಸೀಟು ಖಾಲಿ. ನನ್ನ ತಲೆಯ ಕೆಳಗೆ ಮಡಚಿಟ್ಟ ಅವಳ ಟವೆಲ್ಲು.

"ನಮ್ಮಾಕಿ ಎಲ್ಲಿ ಅದಾಳ್ರಿ?"

"ಅವ್ರು ಕೊಟ್ಟೂರಾಗ ಇಳಿದ್ರು. ನಿಮಗ ಇಲ್ಲಿ ತನಕ ಟಿಕೀಟು ತಗೊಂಡ್ರು. ಎಷ್ಟೋ ತಿಂಗಳ ಮ್ಯಾಲೆ ಕಣ್ಣು ಹತ್ಯಾವು, ಎಬ್ಬಿಸಬ್ಯಾಡ್ರಿ ಅಂತ ಹೇಳಿ ಹೋದ್ರು." ಆಮೇಲೆ ತಡೆಯಲಾರದೆ ಸೇರಿಸಿದ: "ಗೊರಕಿ ಮಾತ್ರ ಭಾರಿ ಹೊಡೀತೀರಿ ಬಿಡ್ರಿ. ಡ್ರೈವರ್ ಎರಡು ಸಲ ಗಾಡಿ ನಿಲ್ಸಿ ಇಂಜಿನ್ ನೋಡಿದ."

ಅಂಥ ಮಹಾಪ್ರೇಮಿಯಾದ ನಾನು ಜೊಲ್ಲು ಒರೆಸಿಕೊಂಡು, ಕೊಟ್ಟೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಅವನನ್ನೇ ಕೇಳಿದೆ.