ಸತ್ತ ಪೈಲ್ವಾನನ ಕೂಡ ನನ್ನ ಕುಸ್ತಿ

ಬದುಕಿದ್ದಾಂವನ ಕೂಡ ಕುಸ್ತಿ ಹಿಡಿದ್ರ ಗೆಲ್ಲತೀವಿ, ಇಲ್ಲಾ ಸೋಲತೀವಿ, ಮೈ ತೊಳಕೊಂಡು ಮನಿಗೆ ಹೋಗತೀವಿ. ಸತ್ತಾಂವನ ಕೂಡ ಹಿಡಿದ್ರ ಅದು ಮುಗಿಯೂದ ಇಲ್ಲ. ನನಗ ಇಪ್ಪತ್ತು ವರ್ಷದಿಂದ ವಾರಕ್ಕ ಒಮ್ಮೆಯಾದ್ರೂ ಇಂಥಾದ್ದೊಂದು ಆಗಾಕತ್ತೈತಿ. ಪ್ರತಿ ಸಲಾನೂ ನಾನ ಬೀಳತೇನಿ.

ಮೊದಲ ನನ್ನ ಗುರುತು ಹೇಳತೇನಿ. ನಾ ಗೋಕಾಕದಾಂವ. ಹರೇದಾಗ ಪೈಲ್ವಾನ. ಭಾಳ ದೊಡ್ಡಾಂವನೂ ಅಲ್ಲ, ಸಣ್ಣಾಂವನೂ ಅಲ್ಲ, ನಡುವಿನ ಜೋಡದಾಂವ. ನಮ್ಮ ಕಾಲದಾಗ ಪೈಲ್ವಾನರನ್ನ ತಕ್ಕಡ್ಯಾಗ ತೂಗತಿರಲಿಲ್ಲ. ಪಂಚರು ಇಬ್ಬರನ್ನೂ ಬಾಜೂ ಬಾಜೂ ನಿಂದರಿಸಿ, ಭುಜ ಹಿಚುಕಿ, ತೊಡಿ ತಟ್ಟಿ, "ಹ್ಞಾ, ಜೋಡ ಆತು, ಬಿಡ್ರಿ" ಅನ್ನೋರು. ಆ ನಡುವಿನ ಜೋಡದಾಗ ಏಳು ವರ್ಷ ನನ್ನ ಬೆನ್ನಿಗೆ ಮಣ್ಣು ಹತ್ತಲಿಲ್ಲ. ಇದು ಜಂಬ ಅಲ್ಲ, ಖರೆ. ಬೇಕಾದ್ರ ಮೇಲವಂಕಿಯವರನ್ನ ಕೇಳ್ರಿ, ನಾಗನೂರವರನ್ನ ಕೇಳ್ರಿ. ನಮ್ಮಾಕೀನ ಒಬ್ಬಾಕೀನ ಮಾತ್ರ ಕೇಳಬ್ಯಾಡ್ರಿ.

ಯಾಕಂದ್ರ ನಮ್ಮಾಕಿ ಹುಕ್ಕೇರಿಯಾಕಿ. ಆ ಹುಕ್ಕೇರಿಯೊಳಗ ನನಗಿಂತ ಇಪ್ಪತ್ತು ವರ್ಷ ಮೊದಲ ಒಬ್ಬ ನಡುವಿನ ಜೋಡದ ಪೈಲ್ವಾನ ಇದ್ದ. ನಾ ಕಣಕ್ಕ ಇಳಿಯೂದರೊಳಗ ಆಂವ ಲಂಗೋಟಿ ಗೂಟಕ್ಕ ಹಾಕಿದ್ದ. ಹಿಂಗಾಗಿ ನಮ್ಮಿಬ್ಬರ ಕುಸ್ತಿ ಆಗಲೇ ಇಲ್ಲ. ನಮ್ಮ ಲಗ್ನ ಆದ ವರ್ಷಾನ ಆಂವ ತೀರಿಕೊಂಡ. ತೀರಿಕೊಂಡ ಮ್ಯಾಲ ನೋಡ್ರಿ ಅವನ ಕುಸ್ತಿ ಶುರು ಆಗಿದ್ದು. "ಅವರಿಬ್ಬರೂ ಒಂದ ವಯಸ್ಸಿನಾಗ ಎದುರು ಬದುರು ನಿಂತಿದ್ರ ಯಾರು ಗೆಲ್ಲತಿದ್ರು?" ಅಂತ ಗೋಕಾಕದ ಹಜಾಮರ ಅಂಗಡ್ಯಾಗಿಂದ ಹಿಡಿದು ನಮ್ಮ ಅಡಿಗಿಮನಿ ತನಕ ಒಂದ ಮಾತು.

ನಾ ವರ್ಷಾ ವರ್ಷಾ ಮುದುಕ ಆಗಾಕತ್ತೇನಿ, ಆಂವ ವರ್ಷಾ ವರ್ಷಾ ಗಟ್ಟಿ ಆಗಾಕತ್ತಾನ. ಲಗ್ನದ ಹೊಸತಾಗ ನಮ್ಮಾಕಿ ಹೇಳೂವಾಗ ಆಂವ ಒಂದ ಹೋರಿ ಕೋಡು ಹಿಡಿದು ನಿಂದರಸಿದ್ದ. ಹಿರೀ ಮಗಳು ಹುಟ್ಟೂದರೊಳಗ ಎರಡು ಹೋರಿ ಆದ್ವು. ಈಗ ಅವುಗಳ ಹಿಂದ ತುಂಬಿದ ಚಕ್ಕಡೀನೂ ಬಂದೈತಿ. ಹೊಟ್ಟಿಕಿಚ್ಚು ಅಂತೀರೇನು? ಹೌದ್ರಿ, ಹೊಟ್ಟಿಕಿಚ್ಚ. ನಾ ಯಾಕ ಮುಚ್ಚಿಡಲಿ?

ಅತ್ತಿ ಮನಿ ರೊಟ್ಟಿ

ಒಮ್ಮೆ ಹುಕ್ಕೇರಿಗೆ ಹೋಗಿದ್ವಿ. ಪಡಸಾಲ್ಯಾಗ ಉಣ್ಣಾಕ ಕುಂತಿದ್ದೆ. ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಗಡಗಿ ಮೊಸರು. ಐದನೇ ರೊಟ್ಟಿಗೆ ನಾ ಕೈ ಅಡ್ಡ ಹಿಡಿದೆ. ನಮ್ಮ ಅತ್ತಿ ರೊಟ್ಟಿ ಕೈಯಾಗ ಹಿಡಕೊಂಡ ನಿಂತ್ರು.

"ಸಾಕಾತೇನ್ರಿ? ನಮ್ಮ ಪೈಲ್ವಾನ ಇದ ಜಾಗಾದಾಗ ಕುಂತು ಹದಿನೆಂಟು ಉಂಡಿದ್ದ."

ಮುಗೀತು. ನಾ ಅಡ್ಡ ಹಿಡಿದ ಕೈ ತಗೊಂಡೆ. "ಹಾಕ್ರಿ" ಅಂದೆ. ಹತ್ತಕ್ಕ ಉಡದಾರ ಬಿಗಿ ಆತು. ಹದಿಮೂರಕ್ಕ ಕಣ್ಣಾಗ ನೀರು ಬಂತು, ಅತ್ತಿ "ಹಿಂಡಿ ಖಾರ ಆತೇನ್ರಿ?" ಅಂದ್ರು. ಬಾಜೂದ ಮನಿಯವರೂ ಬಂದು ಹೊಸ್ತಿಲ ಮ್ಯಾಲ ಕುಂತ್ರು. ಹದಿನೆಂಟು ಆತು. ಹತ್ತೊಂಬತ್ತನೇದನ್ನ ನಾ ಹ್ಯಾಂಗ ನುಂಗಿದೆ ಅನ್ನೂದು ಆ ದೇವರಿಗೆ ಗೊತ್ತು. ನುಂಗಿದ ಮ್ಯಾಲ ಎಲ್ಲಾರ ಮುಖಾ ನೋಡಿದೆ. ಈಗಾದ್ರೂ ಏನಾರ ಅನ್ನಲಿ ಅಂತ ನಮ್ಮಾಕಿ ಕಡಿ ಅಂತೂ ಕಣ್ಣು ಕೀಲಿಸಿ ನೋಡಿದೆ.

ಏಳಾಕ ಹ್ವಾದ್ರ ಏಳಾಕ ಬರವಲ್ತು. ಆ ಮನಿಯ ಇನ್ನಿಬ್ಬರು ಅಳಿಯಂದಿರು ರಟ್ಟಿ ಹಿಡಿದು ಎಬ್ಬಿಸಿ, ಬಚ್ಚಲ ತನಕ ಕರಕೊಂಡು ಹೋಗಿ, ಕೈ ತೊಳೆಸಿದ್ರು.

ಅಡಿಗಿಮನಿ ಬಾಗಲದಾಗ ನಿಂತು ನಮ್ಮಾಕಿ ತಮ್ಮವ್ವಗ ಹೇಳಿದ್ಲು: "ಆಂವ ಉಂಡ ಮ್ಯಾಲ ತಾನ ಎದ್ದಿದ್ದ."

ಒಂದ 'ಹ್ಞೂ'

ಆ ಪೈಲ್ವಾನನನ್ನ ನಾ ಕಣ್ಣಿಲೆ ಕಂಡಿದ್ದು ಒಂದ ಸಲ. ಲಗ್ನಕ್ಕಿಂತ ಮೊದಲಿನ ಮಾತು. ಆಂವ ನಮ್ಮ ಗೋಕಾಕದ ಗರಡಿಗೆ ಬಂದಿದ್ದ. ಮೀಸಿ ಬೆಳ್ಳಗಾಗಿತ್ತು, ಕುತ್ತಿಗಿ ಮಾತ್ರ ಹಂಗ ಇತ್ತು, ಎತ್ತಿನ ಹೆಗಲಿನಂಗ. ನಾ ಸಾಮು ಮಾಡೂದನ್ನ ಭಾಳ ಹೊತ್ತು ನೋಡಿದ. ಆಮ್ಯಾಲ ಅಂಗಿ ಕಳದು ಮಣ್ಣಿಗೆ ಇಳದು, "ಬಾ" ಅಂದ.

ಅವನ ಹೆಸರುವಾಸಿ ಪೇಚು ಅಂದ್ರ ಢಾಕ. ಎದುರಿನವನ ತೋಳು ತನ್ನ ಹೆಗಲ ಮ್ಯಾಲ ಎಳಕೊಂಡು, ಸೊಂಟ ಒಳಗ ಕೊಟ್ಟು, ಒಮ್ಮೆಲೆ ತಿರುವಿ ಒಗಿಯೂದು. ನನ್ನನ್ನ ಮೂರು ಸಲ ಒಗದ, ಮಗೂನ ತೊಟ್ಟಿಲಕ್ಕ ಹಾಕಿದಂಗ ಸಾವಕಾಶ. ನಾಕನೇ ಸಲ "ಈಗ ನೀ ಹೊಡಿ" ಅಂದ. ಹೊಡೆದೆ. ಆಂವ ಬಿದ್ದ. ತಾನಾಗಿ ಬಿದ್ದನೋ, ನಾ ಬೀಳಿಸಿದೆನೋ ಇವತ್ತಿಗೂ ಗೊತ್ತಿಲ್ಲ. ಎದ್ದು ಮಣ್ಣು ಝಾಡಿಸಿಕೊಂಡು, ನನ್ನ ಕುತ್ತಿಗಿ ಒಮ್ಮೆ ಒತ್ತಿ, "ಹ್ಞೂ" ಅಂದು ಹೊಂಟ ಹೋದ.

ಬರೇ "ಹ್ಞೂ"! ಆ ಹ್ಞೂ ಏನು? ಎಷ್ಟು ವರ್ಷ ನಾ ಇದನ್ನ ತಲ್ಯಾಗ ತಿರುವೇನಿ ಅಂತೀರಿ! ನಮ್ಮ ಹಜಾಮ, "'ಹ್ಞೂ, ಅಡ್ಡಿಯಿಲ್ಲ, ನಡೀತೈತಿ' ಅಂತ ಅದರ ಅರ್ಥ" ಅಂದ. ಕರದಂಟು ಮಾಡಾಂವ ಒಬ್ಬ ಗೆಳೆಯ ಅದಾನ ನನಗ, ಆಂವ ಅಂಟು ಕರಿಯೂದು ನಿಲ್ಲಿಸಿ ಯೋಚನಿ ಮಾಡಿ, "'ಹ್ಞೂ, ಇವನಿಂದ ಏನೂ ಆಗೂದಿಲ್ಲ' ಅಂತಾನೂ ಆಗಬಹುದಲ್ಲ?" ಅಂದ.

ಕಡೀಕ ಒಂದಿನ ಮನಸು ಗಟ್ಟಿ ಮಾಡಿ ನಮ್ಮಾಕೀಗೆ ಎಲ್ಲಾ ಹೇಳಿದೆ. ಅಕಿ ಹತ್ತಿ ಬಿಡಸಿಕೋತ ಪೂರಾ ಕೇಳಿದ್ಲು. ಆಮ್ಯಾಲ ಅಂದ್ಲು:

"ಅವರಿಗೆ ಮದಲಿಂದ ಗಂಟಲದಾಗ ಕಫ ಇತ್ತು, ಪಾಪ."

ಮೂಡಲಗಿ ಸಂತ್ಯಾಗ

ಮೂಡಲಗಿ ದನದ ಸಂತಿಗೆ ನಾನೂ ಕರದಂಟಿನ ಗೆಳೆಯಾನೂ ಹೋಗಿದ್ವಿ. ಆಂವ ಬೆಲ್ಲ ನೋಡಾಕ ಆ ಕಡಿ ಹ್ವಾದ. ನಾ ಒಂದ ಬೇವಿನ ಗಿಡದ ನೆಳ್ಳಿಗೆ ಕುಂತೆ. ಅಲ್ಲೆ ನಾಗನೂರಿನ ಮುದುಕ ಒಬ್ಬಾಂವ ಎಮ್ಮಿ ಮಾರಾಕ ಬಂದಿದ್ದ. ಎಮ್ಮಿ ಹೋಗವಲ್ತು, ಮಾತು ನಿಂದರವಲ್ತು. ಇಬ್ಬರ ಮುಂದ ಕುಸ್ತಿ ಪುರಾಣ ಹಚ್ಚಿದ್ದ.

"ಹುಕ್ಕೇರಿಯಾಂವ ದೊಡ್ಡಾಂವ, ಇಲ್ಲ ಅನ್ನೂದಿಲ್ಲ. ಆದ್ರ ಗೋಕಾಕದಾಂವ ಒಬ್ಬ ಇದ್ನಲ್ಲ! ಅವನ ಮುಂದ ಇಂವ ಎಲ್ಲಿ ತಡೀತಾನ?"

 ಹತ್ತರ ಸರಿದು ಕುಂತೆ. "ಹೌದ ಕಾಕಾ? ಅಷ್ಟು ಚಲೋ ಇದ್ನೇನು?" ಅಂದೆ.

"ಚಲೋ? ಹುಲಿ! ಬಾಗಲದಾಗ ಬರಬೇಕಾದ್ರ ಅಡ್ಡಾಗಿ ಬರತಿದ್ದ. ಕಣ್ಣು ನೋಡಿದ್ರ ಎದುರಿನಾಂವ ತಾನ ಮಲಗತಿದ್ದ. ಏನ್ ಮಾಡೂದು, ಒಳ್ಳೇವರಿಗೆ ಆಯುಷ್ಯ ಇಲ್ಲ. ಸತ್ತ, ಪಾಪ."

ನಾ ಗಾಬರಿ ಆಗಬೇಕಿತ್ತು. ಆಗಲಿಲ್ಲ. ಇಪ್ಪತ್ತು ವರ್ಷದಾಗ ಒಬ್ಬರ ಬಾಯಿಲೆ ಈ ಮಾತು ಕೇಳಿರಲಿಲ್ಲ. ಸತ್ರೂ ಅಡ್ಡಿಯಿಲ್ಲ ಅನಿಸಿತು. "ಹ್ಯಾಂಗ ಸತ್ತ ಕಾಕಾ?" ಅಂದೆ. ಹುಲಿ ಕೂಡ ಬಡದಾಡಿ ಸತ್ತೆನಂತ. ಮೂರು ದಿನ ಊರಾಗ ಒಲಿ ಹೊತ್ತಿರಲಿಲ್ಲಂತ. ನನ್ನ ಕಣ್ಣು ತುಂಬಿ ಬಂದ್ವು. ಮುದುಕ ನನ್ನ ಬೆನ್ನ ಮ್ಯಾಲ ಕೈ ಆಡಿಸಿ ಸಮಾಧಾನ ಮಾಡಿದ.

ಅಷ್ಟರಾಗ ಆ ದರಿದ್ರ ಗೆಳೆಯ ಬೆಲ್ಲದ ಪೆಂಟಿ ಹೊತಗೊಂಡು ದೂರಿಂದ ಒದರಿದ: "ಏ ಗೋಕಾಕದ ಪೈಲ್ವಾನ್ರ! ಏಳ್ರಿ, ಬಸ್ಸು ಹೋಗತೈತಿ!"

ಮುದುಕ ಕೈ ಹಿಂದ ತಗೊಂಡ. ನನ್ನ ಬಕ್ಕ ತಲಿ ನೋಡಿದ, ಹೊಟ್ಟಿ ನೋಡಿದ, ಜೋಲು ಬಿದ್ದ ರಟ್ಟಿ ನೋಡಿದ. ನೋಡಿ ನೋಡಿ ಉಸಿರು ಬಿಟ್ಟ.

"ಇದ್ದೀರೇನ್ರಿ ಇನ್ನೂ? ಹಂಗಾದ್ರ ಬಿಡ್ರಿ, ಗೆದ್ದಾಂವ ಹುಕ್ಕೇರಿಯಾಂವನ."

ಕಣದಾಗ

ಇದೆಲ್ಲಾದರ ಮ್ಯಾಲ ಕಳಸ ಇಟ್ಟಾಂವ ನಮ್ಮ ಸಾಲಿ ಮಾಸ್ತರ. ಒಂದಿನ ಹಜಾಮರ ಅಂಗಡಿಗೆ ಪೇಪರ ಹಿಡಕೊಂಡು ಬಂದ. ವಿಲಾಯತಿ ಕಡಿ ಮುಷ್ಟಿ ಕಾಳಗದ ಪೈಲ್ವಾನರು ಇರತಾರಂತ. ಅವರೊಳಗೂ ನಮ್ಮಂಗ ನಡುವಿನ ತೂಕದವರು ಅಂತ ಬ್ಯಾರೆ ಇರತಾರಂತ. ಒಬ್ಬ ಸತ್ತು ಮಣ್ಣಾಗಿರತಾನ, ಇನ್ನೊಬ್ಬ ಈಗ ಹರೇದಾಂವ, ಇಬ್ಬರೂ ತಮ್ಮ ತಮ್ಮ ಭರದಾಗ ಎದುರಾಗಿದ್ರ ಯಾರು ಗೆಲ್ಲತಿದ್ರು ಅಂತ ಶಾಣ್ಯಾ ಮಂದಿ ಪೇಪರಿನಾಗ ಬರದು ಜಗಳಾಡತಾರಂತ.

"ಅದನ್ನ ನಾವು ಇಲ್ಲೆ ಬಾಯಿಲೆ ಮಾಡಾಕತ್ತೇವಲ್ಲ" ಅಂದ ಹಜಾಮ.

"ಬಾಯಿಲೆ ಸಾಕು. ಕಣದಾಗ ಮಾಡೂಣು" ಅಂದ ಮಾಸ್ತರ. "ಇಬ್ಬರ ಪರವಾಗಿ ಇಬ್ಬರು ನಿಂದರಲಿ. ತೂಕಕ್ಕ ತೂಕ, ಪೇಚಿಗೆ ಪೇಚು. ಒಂದ ಸಲ ತೀರ್ಮಾನ ಆದ ಮ್ಯಾಲ ಯಾರೂ ಪಿಟಕ್ ಅನ್ನಬಾರದು."

ಹುಕ್ಕೇರಿಯವನ ಪರವಾಗಿ ನಿಂದರಾಂವಗ ಅವನ ಢಾಕ ಗೊತ್ತಿರಬೇಕು. ಗೊತ್ತಿದ್ದಾಂವ ಈ ಸೀಮ್ಯಾಗ ಒಬ್ಬನ. ಎಲ್ಲಾರೂ ನನ್ನ ಕಡಿ ನೋಡಿದ್ರು.

"ಮತ್ತ ನನ್ನ ಪರವಾಗಿ ಯಾರು?" ಅಂದೆ.

ಲಗ್ನದ ವರ್ಷ ಬೆಲ್ಲದ ಪ್ಯಾಟ್ಯಾಗ ಚಾಷ್ಟಿಗೆ ತಕ್ಕಡ್ಯಾಗ ಕುಂತಿದ್ದೆ. ಆ ತೂಕ ನನಗ ನೆನಪಿತ್ತು. ಅದ ತಕ್ಕಡಿಗೆ ಎಲ್ಲಾರೂ ಹೋಗಿ, ಅಷ್ಟ ತೂಕದ ಕಲ್ಲು ಒಂದ ಕಡಿ ಇಟ್ವಿ. ಹಜಾಮ ಹಗುರಾದ. ಮಾಸ್ತರ ಕುಂತ್ರ ತಕ್ಕಡಿ ಅಳ್ಳಾಡಲೂ ಇಲ್ಲ. ಕರದಂಟಿನ ಗೆಳೆಯ ಕುಂತ ನೋಡ್ರಿ, ಮುಳ್ಳು ಸರೀಕ ನಡುವ ನಿಂತಿತು. ತೂಕ ನಂದ, ಖರೆ, ಆದ್ರ ಎಲ್ಲಾ ಹೊಟ್ಟಿ!

"ಇಂವ ನಾನು?" ಅಂದೆ.

"ತೂಕ ಸುಳ್ಳು ಹೇಳೂದಿಲ್ಲ" ಅಂದ ಮಾಸ್ತರ.

"ಮತ್ತ ನಾ ಈಗ ಹುಕ್ಕೇರಿಯಾಂವನಕಿಂತಾ ಭಾರ ಅದೇನಲ್ಲ?"

"ಹುಕ್ಕೇರಿಯಾಂವನೂ ಸತ್ತ ಮ್ಯಾಲ ಭಾಳ ದಪ್ಪ ಆಗ್ಯಾನ. ಸರಿಹೋಗತೈತಿ" ಅಂದ ಹಜಾಮ.

ನಾ ಮ್ಯಾಲ ಮುಖಾ ಸಿಂಡರಿಸಿದೆ, ಒಳಗ ಹಾಲು ಕುಡದಂಗಾತು. ನೀವ ವಿಚಾರ ಮಾಡ್ರಿ. ನಾ ಈಗ ಹುಕ್ಕೇರಿಯಾಂವ. ನಾ ಬಿದ್ರ ಹುಕ್ಕೇರಿಯಾಂವ ಬಿದ್ದಂಗ. ಇಪ್ಪತ್ತು ವರ್ಷದ ಉರಿ ಒಂದ ನಿಮಿಷದಾಗ ಆರತೈತಿ. ಗೆಳೆಯನ ಕಿವ್ಯಾಗ ಹೇಳಿದೆ, "ನೀ ಎದಿಗೆ ಒಮ್ಮೆ ತಳ್ಳು ಸಾಕು, ನಾ ಬೀಳತೇನಿ." ಆಂವ, "ಜೋರಲೆ ತಳ್ಳಲ್ಯೋ, ಸಾವಕಾಶ ತಳ್ಳಲ್ಯೋ?" ಅಂದ. "ಹ್ಯಾಂಗರ ತಳ್ಳೋ ಮಾರಾಯ" ಅಂದೆ.

ಐತವಾರ ಮುಂಜಾನೆ ಕುಸ್ತಿ. ಘೋಡಗೇರಿಯಿಂದ ಚಕ್ಕಡಿ ಬಂದ್ವು. ಮೂಡಲಗಿ ಸಂತಿಯ ಎಮ್ಮಿ ಮುದುಕಾನೂ ಬಂದ. ಹುಕ್ಕೇರಿಯಿಂದ ಇದ್ದಿಲಿ ಮ್ಯಾಲ ಓಡೂ ಬಸ್ಸಿನಾಗ ನಮ್ಮಾಕಿ ಅಣ್ಣ ಗೆದ್ದಾಂವಗ ಕಟ್ಟಾಕ ಅಂತ ಜರೀ ಪಟಕಾ ತಗೊಂಡು ಬಂದ. ನಾ ಮನಿ ಬಿಡೂವಾಗ ನಮ್ಮಾಕಿ ಬಾಗಲಕ್ಕ ಬಂದು, "ನಮ್ಮ ಊರಾವರ ಹೆಸರು ಹೊತಗೊಂಡು ಹೊಂಟೀರಿ, ಕೆಡಸಬ್ಯಾಡ್ರಿ" ಅಂದ್ಲು. ನನಗಂತೂ ಮೈ ಉರದು ಹೋತು. ಇವತ್ತ ತೋರಸತೇನಿ ತಡಿ ಅನಕೊಂಡೆ.

ಕೈ ಕೂಡಿಸಿದ್ವಿ. ತೊಡಿ ತಟ್ಟಿದ್ವಿ. ಗೆಳೆಯ ಕಣ್ಣು ಮುಚ್ಚಿಕೊಂಡು ಬಂದು, ಹೊಟ್ಟೀಲೆ ನನ್ನ ಎದಿಗೆ ಗುದ್ದಿದ. ನಾ ಬೀಳಾಕ ಶುರು ಮಾಡಿದೆ. ಖರೇನ ಶುರು ಮಾಡಿದ್ದೆ, ನನ್ನ ಮಾತು ನಂಬ್ರಿ. ಬೆನ್ನು ಹಿಂದ ವಾಲಿತು, ಮಣ್ಣಿನ ವಾಸನಿ ಮೂಗಿಗೆ ಹೊಡೀತು. ಆ ವಾಸನಿಗೆ ಈ ಹಾಳು ಮೈಗೆ ಏನಾತೋ! ನಾ "ಬೀಳು, ಬೀಳು" ಅನ್ನಾಕತ್ತೇನಿ, ಅದು ಕೇಳವಲ್ತು. ಸೊಂಟ ತಾನ ಒಳಗ ತಿರುಗಿತು, ಕೈ ತಾನ ಅವನ ತೋಳು ಹೆಗಲ ಮ್ಯಾಲ ಎಳಕೊಂತು, ಗೆಳೆಯನ ಎರಡೂ ಕಾಲು ಆಕಾಶಕ್ಕ ಹ್ವಾದ್ವು. ಧುಪ್! ಹುಕ್ಕೇರಿಯಾಂವ ನನಗ ಕಲಿಸಿದ್ನಲ್ಲ, ಅದ ಢಾಕ, ಒಂದ ಕೂದಲ ಹೆಚ್ಚು ಕಮ್ಮಿ ಇಲ್ಲ.

 ಮಂದಿ ಗರಡಿ ಗೋಡಿ ಹಾರೂವಂಗ ಒದರಿದ್ರು: "ಶಾಬಾಸ್ ಹುಕ್ಕೇರಿ!"

ಕರದಂಟಿನ ಗೆಳೆಯ ಮಲಕೊಂಡಲ್ಲಿಂದನ, "ಬೀಳತೇನಿ ಅಂದಿದ್ರಲ್ರಿ?" ಅಂದ.

ನನ್ನನ್ನ ಹೆಗಲ ಮ್ಯಾಲ ಹೊತ್ರು. ಪಟಕಾ ಕಟ್ಟಿದ್ರು. "ಇಳಸ್ರೋ, ಗೆದ್ದಾಂವ ನಾನು, ನಾನು!" ಅಂತ ಒದರಿದೆ. ಮಾಸ್ತರ ಕೆಳಗಿಂದ ಮಣ್ಣಾಗಿನ ಗೆಳೆಯನ್ನ ತೋರಿಸಿ, "ನೀವು ಅಲ್ಲೆ ಬಿದ್ದೀರಿ, ಸುಮ್ಮನಿರ್ರಿ" ಅಂದ.

ಪಟಕಾ ಸುತಗೊಂಡ ಮನಿಗೆ ಬಂದೆ. ಹಿಂದ ನಮ್ಮಾಕಿ ಅಣ್ಣಾನೂ ಬಂದ. ನಮ್ಮಾಕಿ ಕಟ್ಟಿ ಮ್ಯಾಲ ನಿಂತಿದ್ಲು. ಪಟಕಾ ನೋಡಿದ್ಲು, ಮುಖಾ ಅರಳಿತು. ಇಪ್ಪತ್ತು ವರ್ಷದಾಗ ಅಕಿ ನನ್ನ ಹಂಗ ನೋಡಿರಲಿಲ್ಲ. ನನ್ನ ಸಿಟ್ಟೆಲ್ಲಾ ಇಳದು ಹೋತು.

"ಯಾವ ಪೇಚು?" ಅಂದ್ಲು.

"ಢಾಕ."

"ಒಂದ ಏಟಿಗೆ?"

"ಒಂದ ಏಟಿಗೆ" ಅಂದೆ, ಎದಿ ಉಬ್ಬಿಸಿ.

ಅಕಿ ಹತ್ತರ ಬಂದು, ಎರಡೂ ಕೈಲೆ ನನ್ನ ತಲಿ ಮ್ಯಾಲಿನ ಪಟಕಾ ತಗದು, ಕಣ್ಣಿಗೆ ಒತ್ತಿಕೊಂಡು, ಅಣ್ಣನ ಕೈಯಾಗ ಕೊಟ್ಲು. "ಇದನ್ನ ಅವರ ಮನಿಗೆ ಮುಟ್ಟಸು, ಹುಕ್ಕೇರಿ ಮಾನ ಹುಕ್ಕೇರಿಯೊಳಗ ಇರಲಿ" ಅಂದ್ಲು. ಆಮ್ಯಾಲ ನನ್ನ ಬರೇ ತಲಿ ಕಡಿ ನೋಡಿ, ಲಗ್ನ ಆದಾಗಿಂದ ಎಂದೂ ಇಲ್ಲದ ಮಾಯೀಲೆ ಹೇಳಿದ್ಲು:

"ನೀರು ಕಾಸೇನಿ, ಜಳಕ ಮಾಡ್ರಿ. ಸೋತೀನಿ ಅಂತ ಮನಸಿಗೆ ಹಚಗೋಬ್ಯಾಡ್ರಿ. ಎಂಥಾವರ ಕೈಯಾಗ ಸೋತೀರಿ, ಅದನ್ನ ನೋಡ್ರಿ!"