ಕೊನೇ ನಲ್ಲಿಯ ಬಿಂದಿಗೆ

ಎಲ್ಲದಕ್ಕೂ ಮೂಲ ಶಶಿಧರನ ಹೊಟ್ಟೆ. ಭಾನುವಾರ ಭಾರತೀನಗರದ ಬೀಗರೂಟಕ್ಕೆ ಹೋಗಿ, ಎರಡು ಮುದ್ದೆ ಇಳಿಸಿ, ಮೂರು ಸಲ ಬಾಡು ಬಡಿಸಿಕೊಂಡು ಬಂದವನು ಸೋಮವಾರವಿಡೀ ನಡುಮನೆಗೂ ಹಿತ್ತಿಲಿಗೂ ಓಡಾಡಿದ. ಬೀಗರ ಬಾಡನ್ನು ದೂರುವುದು ಮರ್ಯಾದೆಯಲ್ಲ. ಹಾಗಾಗಿ ನೀರಿನ ಆಫೀಸಿಗೆ ಫೋನು ಮಾಡಿ, "ನಮ್ ಬೀದಿ ನೀರ್ಗೆ ಮದ್ದೇ ಆಕ್ತಿಲ್ಲ ಮೇಡಂ" ಅಂದುಬಿಟ್ಟ.

ಮದ್ದೂರಿನ ಕೆರೆಕೋಡಿ ಬೀದಿಗೆ ನೀರು ಬಿಡುವವನು ಅಂಕಯ್ಯ. ಟ್ಯಾಂಕು ಹತ್ತಿ ಬ್ಲೀಚಿಂಗ್ ಪುಡಿ ಕಲಸಿ ಹಾಕುವವನೂ ಅವನೇ. ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿದವನಲ್ಲ. ಆದರೆ ಕಾಂಟ್ರಾಕ್ಟಿನ ಕೆಲಸ. ಈ ದೂರು ನಿಜವೆಂದಾದರೆ ನಾಳೆಯಿಂದ ವಾಲ್ವ್ ತಿರುಗಿಸುವ ಕೈ ಬೇರೆಯವರದು.

ಮಂಗಳವಾರ ಬೆಳಿಗ್ಗೆಯೇ ಇಂಜಿನಿಯರ್ ರೂಪ ಮೇಡಂ ಫೋನು ಬಂತು.

"ಅಂಕಯ್ಯ, ನಾನು ಬರೋದು ಹನ್ನೊಂದಕ್ಕೆ. ಅಷ್ಟೊತ್ತಿಗೆ ನಲ್ಲಿ ನಿಂತಿರುತ್ತೆ. ಬೀದಿಯ ಕೊನೇ ನಲ್ಲೀಲಿ ಒಂದು ಬಿಂದಿಗೆ ಹಿಡಿದು ಮುಚ್ಚಿಡಿ. ಎರಡು ಹನಿ ಔಷಧಿ ಬಿಟ್ಟು ನೋಡ್ತೀನಿ. ನೀರು ಹಳದಿಗೆ ತಿರುಗಿದರೆ ನೀವು ಮದ್ದು ಹಾಕಿದೀರಿ ಅಂತ. ತಿರುಗದಿದ್ದರೆ ನನ್ನ ಕೈಲಿ ಏನೂ ಇಲ್ಲ. ಮುಚ್ಚಳ ಮಾತ್ರ ತೆಗೀಬೇಡಿ, ಮದ್ದಿನ ಸತ್ವ ಗಾಳಿಗೆ ಹೋಗಿಬಿಡುತ್ತೆ."

ಕೊನೇ ನಲ್ಲಿ ನಿವೃತ್ತ ಮೇಷ್ಟ್ರು ವೆಂಕಟರಾಮಯ್ಯನವರ ಮನೆಯದು. ಅವರ ಜಗಲಿಯ ಮೇಲೆ ಬಿಂದಿಗೆ ಇಟ್ಟು, ಮುಚ್ಚಳದ ಮೇಲೆ ಕೈಯಿಟ್ಟು ಅಂಕಯ್ಯ ಕೂತ.

ಎದುರುಮನೆ ದೇವಿರಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದಳು. "ಅದೇನ್ಲಾ ಅಂಕ, ಬಿಂದ್ಗೆ ತಬ್ಕೊಂಡು ಕುಂತಿದ್ದೀಯ?"

"ಟೆಸ್ಟಿನ ನೀರು ಕಣಕ್ಕ. ಮುಟ್‌ಬ್ಯಾಡ."

"ನಾನೂ ಬೆಳಿಗ್ಗೆ ಅದೇ ನೀರ ಇಡ್ದು ಮುಚ್ಚಿಟ್ಟಿವ್ನಿ. ನಮ್ಮನೇದು ಯಾಕಾಗಾಕಿಲ್ಲ? ನಮ್ಮನೆ ಏನ್ ಕಮ್ಮಿ?" ಎಂದು ಮುಖ ತಿರುಗಿಸಿ ಹೋದಳು.

ಆಮೇಲೆ ಶಶಿಧರ ಬಂದ. ಹೊಟ್ಟೆ ಹಿಡಿದುಕೊಂಡೇ, "ಒಂದ್ಸಲ ಮೂಸ್ ನೋಡ್ತೀನಿ ತಡಿ" ಎಂದು ಮುಚ್ಚಳಕ್ಕೆ ಕೈ ಹಾಕಿದ. ಅಂಕಯ್ಯ ಆ ಕೈಗೆ ಪಟ್ಟನೆ ಒಂದು ಬಿಟ್ಟ. ಅವನು ಹೋದ ಬೆನ್ನಿಗೇ ಮರಿಯಯ್ಯನ ಎಮ್ಮೆ ಬಂದು ಮೂತಿ ಚಾಚಿತು. ಅದಕ್ಕೆ ಹೊಡೆಯಲು ಧೈರ್ಯ ಸಾಲದೆ ಅಂಕಯ್ಯ ಬಿಂದಿಗೆಯ ಮೇಲೆ ಬೋರಲು ಬಿದ್ದ. ಎಮ್ಮೆ ಅವನ ಬೆನ್ನು ನೆಕ್ಕಿ ಹೋಯಿತು.

ಹನ್ನೊಂದಾಯಿತು, ಒಂದಾಯಿತು. ಮೇಡಂ ಮಂಡ್ಯದ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದರು. ಹೊತ್ತು ಏರಿದಂತೆ ಮದ್ದೆಲ್ಲ ಮುಚ್ಚಳದ ಸಂದಿಯಲ್ಲಿ ಹಾರಿಹೋಗುತ್ತಿದೆಯೇನೋ ಎಂದು ಅಂಕಯ್ಯನಿಗೆ ದಿಗಿಲು. ಟವೆಲ್ ಬಿಚ್ಚಿ ಸುತ್ತಲೂ ಬಿಗಿದ.

ಎರಡು ಗಂಟೆಗೆ ಮೇಷ್ಟ್ರ ಹೆಂಡತಿ ಚೂಡಾಮಣಿ ಹೊರಗೆ ಬಂದರು. "ಹಸಿದುಕೊಂಡು ಎಷ್ಟು ಹೊತ್ತು ಕೂತಿರ್ತೀಯಪ್ಪ? ಹಿತ್ತಿಲ ಕಟ್ಟೇಲಿ ಎಲೆ ಹಾಕಿದೀನಿ, ಊಟ ಮಾಡು. ಬಿಂದಿಗೆ ನಾನು ನೋಡ್ಕೋತೀನಿ. ಆಫೀಸರು ನಮ್ಮನೆಗೆ ಬರೋದು ಅಂದ್ಮೇಲೆ ನಂಗೂ ಜವಾಬ್ದಾರಿ ಇಲ್ವೆ?"

ಅವಸರವಸರವಾಗಿ ಉಂಡು ಬಂದರೆ ಬಿಂದಿಗೆ ಇದ್ದಲ್ಲೇ ಇತ್ತು. ಪಾಪ, ಒರೆಸಿಯೂ ಇಟ್ಟಿದ್ದರು.

ಮೂರಕ್ಕೆ ಮೇಡಂ ಜೀಪು ಬಂತು. ಬೀದಿಗೆ ಬೀದಿಯೇ ಜಗಲಿಯ ಮುಂದೆ ನೆರೆಯಿತು. ಮೇಡಂ ಗಾಜಿನ ಕೊಳವೆಗೆ ನೀರು ತುಂಬಿ ಎರಡು ಹನಿ ಬಿಟ್ಟರು. ನೀರು ಹಾಗೇ ಇತ್ತು. ಅಲ್ಲಾಡಿಸಿದರು. ಬೆಳ್ಳಗೇ ಇತ್ತು.

"ಅಂಕಯ್ಯ" ಅಂದರು ಮೇಡಂ, ಅಷ್ಟೇ.

"ಆಕಿವ್ನಿ ಮೇಡಂ, ಮಕ್ಕಳಾಣೆ" ಎಂದ ಅಂಕಯ್ಯ ಜಗಲಿಯ ಮೇಲೆ ಕುಸಿದ.

ಅಷ್ಟರಲ್ಲಿ ಚೂಡಾಮಣಿ ತಟ್ಟೆಯಲ್ಲಿ ಕಾಫಿ ಹಿಡಿದು ಬಂದರು. "ಯಾಕೆ, ನೀರು ಚೆನ್ನಾಗಿಲ್ವೆ? ಫಿಲ್ಟರಿಂದ ಹಿಡಿದು, ಕಾಯಿಸಿ ಆರಿಸಿಟ್ಟಿದ್ದನ್ನೇ ತುಂಬಿಸಿದೀನಲ್ಲ."

"ನಲ್ಲಿ ನೀರೇನಾಯ್ತು ಅಮ್ಮಾವ್ರೆ?" ಅಂಕಯ್ಯ ಎದ್ದು ನಿಂತ.

"ತುಳಸಿಗೆ ಹಾಕ್ದೆ. ಮನೆಗೆ ಬಂದ ಆಫೀಸರ ಮುಂದೆ ಬೀದಿ ನಲ್ಲಿ ನೀರು ಇಡೋದೆ? ನೋಡ್ದೋರು ಏನಂದಾರು?"

ದೇವಿರಮ್ಮನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಓಡಿಹೋಗಿ ತನ್ನ ಬಿಂದಿಗೆ ಹೊತ್ತು ತಂದಳು. ಮೇಡಂ ಇನ್ನೊಂದು ಕೊಳವೆ ತುಂಬಿ ಹನಿ ಬಿಟ್ಟರು. ನೀರು ಮೆಲ್ಲಗೆ ಹಳದಿಗೆ ತಿರುಗಿತು.

"ಮದ್ದು ಹದವಾಗಿದೆ. ಧೈರ್ಯವಾಗಿ ಕುಡೀರಿ. ಅಂಕಯ್ಯ, ನಿಮ್ಮ ಕೆಲಸ ಅಚ್ಚುಕಟ್ಟು" ಎಂದು ಬರೆದುಕೊಂಡು ಮೇಡಂ ಜೀಪು ಹತ್ತಿದರು. ಅಂಕಯ್ಯ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿತ್ತು.

ಜೀಪು ಮರೆಯಾದದ್ದೇ ತಡ, ಶಶಿಧರ ಶುರುಮಾಡಿದ. "ಕಣ್ಣಾರೆ ನೋಡುದ್ರಲ್ಲ? ಮೇಷ್ಟ್ರ ಮನೆ ನೀರು ಬೆಳ್ಳಗಿತ್ತು. ನಮ್ ನೀರ್ಗೆ ಎರಡೇ ಅನಿಗೆ ಕಾಮಾಲೆ ಬಂತು. ನನ್ ಒಟ್ಟೆ ಸುಮ್ಕೆ ಕೆಟ್ಟಿತ್ತಾ?"

"ಅಳದಿ ಆದ್ರೇ ಒಳ್ಳೇದು ಕಣ್ಲಾ. ಮೇಡಂ ಯೋಳ್ಲಿಲ್ವಾ?" ಎಂದ ಅಂಕಯ್ಯ. ಕೇಳುವವರು ಯಾರು? ದೇವಿರಮ್ಮ ಆಗಲೇ ಬಿಂದಿಗೆಯನ್ನು ಚರಂಡಿಗೆ ಬಗ್ಗಿಸುತ್ತಿದ್ದಳು.

ಏನಾದರೂ ಅಂದುಕೊಳ್ಳಲಿ, ಕೆಲಸ ಉಳಿಯಿತಲ್ಲ ಎಂದು ಅಂಕಯ್ಯ ಸಿಳ್ಳೆ ಹಾಕುತ್ತಾ ಸೈಕಲ್ ತುಳಿದ. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಅಂಗಳದಲ್ಲಿ ಬಿಂದಿಗೆಗಳೆಲ್ಲ ಬೋರಲು. ಬಾಗಿಲಲ್ಲಿ ಹೆಂಡತಿ ಮಂಚಮ್ಮ ಎರಡು ಖಾಲಿ ಕ್ಯಾನು ಹಿಡಿದು ನಿಂತಿದ್ದಳು.

"ಆ ಅಳದಿ ನೀರ ಮಕ್ಕಳಿಗೆ ಕುಡ್ಸಾಕಿಲ್ಲ ನಾನು. ಓಗು, ಫಿಲ್ಟರ್ ನೀರ ತಕ್ಕಂಡ್ ಬಾ."

ಅಂಕಯ್ಯ ಕ್ಯಾನುಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೊರಟ. ಫಿಲ್ಟರ್ ನೀರಿನ ಘಟಕದ ಮುಂದೆ ಕೆರೆಕೋಡಿ ಬೀದಿಯ ಅರ್ಧ ಜನ ಸಾಲಾಗಿದ್ದರು. ಅಂಕಯ್ಯ ತಲೆ ತಗ್ಗಿಸಿಕೊಂಡು ಎಲ್ಲರಿಗಿಂತ ಹಿಂದೆ ಕ್ಯಾನು ಇಟ್ಟ.

ಮುಂದಿದ್ದ ಶಶಿಧರ ತಿರುಗಿ ನೋಡಿದ. ನೋಡಿ, ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ:

"ನಾನ್ ಯೋಳುದ್ರೆ ನಂಬ್‌ಬ್ಯಾಡಿ. ನೀರು ಬುಡೋನೇ ಇಲ್ ನಿಂತವ್ನೆ, ನೋಡ್ಕಳಿ."