ಅಲ್ವಿನಾ ಅಜ್ಜಿಗೆ ಮಂಜೂರಾದ ನೀರು

ನಮೀಬ್ ಮರುಭೂಮಿಯಲ್ಲಿ ನೀರು ಕುಡಿಯುವ ಮೊದಲ ಹಕ್ಕು ಆನೆಗಳದ್ದು. ನಮ್ಮ ಕೌರೋಸ್ ಊರಿನ ವನ್ಯಜೀವಿ ಸಮಿತಿ ಇದನ್ನು ಸರ್ವಾನುಮತದಿಂದ ಅಂಗೀಕರಿಸಿದೆ. ಆನೆಗಳಿಂದ ಆಕ್ಷೇಪಣೆ ಬಂದಿಲ್ಲ.

ಒಣನದಿಯ ದಂಡೆಯ ತೊಟ್ಟಿಗೆ ಆನೆಗಳು ಬರತೊಡಗಿದ ಮೇಲೆ ಹಿಂದೆಯೇ ಪ್ರವಾಸಿಗಳೂ ಬಂದರು. ಆದರೆ ಅವರ ಫೋಟೋಗಳಲ್ಲಿ ಕೆಂಪು ದಿಬ್ಬ, ಆನೆ, ಪಕ್ಕದಲ್ಲೇ ಅಲ್ವಿನಾ ಅಜ್ಜಿ ನೀರು ತುಂಬುವ ಹಳದಿ ಕ್ಯಾನೂ ಬೀಳುತ್ತಿತ್ತು. ದೂರು ಬಂತು. ಸಮಿತಿ ಕೂಡಲೇ ತೊಟ್ಟಿಯನ್ನು ನೈಸರ್ಗಿಕ ಚಿಲುಮೆಯೆಂದು ಘೋಷಿಸಿ, ಅಲ್ಲಿಗೆ ಮನುಷ್ಯರನ್ನೂ ಸಾಕುಪ್ರಾಣಿಗಳನ್ನೂ ನಿಷೇಧಿಸಿತು. ಸುತ್ತಮುತ್ತ ಬೇರೆ ನೀರಿರಲಿಲ್ಲ. ಅದು ಸಮಿತಿಯ ವ್ಯಾಪ್ತಿಗೆ ಬರುವ ವಿಷಯವಲ್ಲ.

ಅಜ್ಜಿ ಮೇಕೆಗಳನ್ನು ಹೊಡೆದುಕೊಂಡೇ ಕಚೇರಿಗೆ ಬಂದಳು.

"ಲೋ ಗಾಟ್‌ಫ್ರೀಡ್, ಆ ತೊಟ್ಟಿ ಕಟ್ಟೋಕೆ ಕಲ್ಲು ಹೊತ್ತವಳು ನಾನು ಕಣೋ. ನನ್ನ ಮೇಕೆ ಬಾಯಾರಿ ಸಾಯ್ಬೇಕಾ?"

"ನನ್ನ ಕೈಲೇನಿದೆ ಅಜ್ಜಿ, ನಿಯಮ," ಎಂದರು ಅಧ್ಯಕ್ಷ ಗಾಟ್‌ಫ್ರೀಡ್. "ಕಾಡುಪ್ರಾಣಿಗಾದ್ರೆ ಯಾರೂ ಅಡ್ಡ ಬರೋ ಹಾಗಿಲ್ಲ."

"ಹಾಗಾದ್ರೆ ನನ್ನೂ ಕಾಡುಪ್ರಾಣಿ ಅಂತ ಬರ್ಕೋ!"

ಅಜ್ಜಿ ಸಿಟ್ಟಿನಲ್ಲಿ ಆಡಿದ ಮಾತನ್ನು ಗುಮಾಸ್ತನಾದ ನಾನು ಅರ್ಜಿಯೆಂದು ಸ್ವೀಕರಿಸಿದೆ. ವಾರ್ಷಿಕ ಪ್ರಾಣಿ ಎಣಿಕೆ ಹತ್ತಿರ ಬಂದಿತ್ತು. ಕತ್ತೆಕಿರುಬ ಒಂದು ಕಡಿಮೆ ಬಿದ್ದು, ಮೇಲಿನವರಿಗೆ ಏನು ಹೇಳುವುದೆಂದು ನಮಗೆ ನಿದ್ದೆಯಿರಲಿಲ್ಲ. ಆ ಜಾಗ ಅಜ್ಜಿಗೆ ಮಂಜೂರಾಯಿತು.

"ಮೇಕೆಗಳು?" ಅಜ್ಜಿ ಕೇಳಿದಳು.

"ಅವು ನಿನ್ನ ಆಹಾರ," ಎಂದರು ಅಧ್ಯಕ್ಷರು. "ಕಾಡುಪ್ರಾಣಿಯ ಆಹಾರಾನ ಯಾರೂ ಮುಟ್ಟೋ ಹಾಗಿಲ್ಲ."

ಮರುದಿನ ಊರಿಗೆ ಊರೇ ಕಚೇರಿ ಮುಂದೆ ಸಾಲುಗಟ್ಟಿತು. ಶಾಲೆಯ ಮೇಷ್ಟ್ರು ಜಿರಾಫೆಯಾದರು, ಅವರ ಹೆಂಡತಿ ಉಷ್ಟ್ರಪಕ್ಷಿಯಾದರು. ಸಿಂಹ ಮಾತ್ರ ಖಾಲಿಯಿರಲಿಲ್ಲ; ಅದು ಅಧ್ಯಕ್ಷರ ಬಾಮೈದನಿಗೆ ಮೊದಲೇ ಹೋಗಿತ್ತು.

ಈಗ ಅಜ್ಜಿ ದಿನಾ ಸಂಜೆ ತನ್ನ ಆಹಾರದೊಂದಿಗೆ ತೊಟ್ಟಿಗೆ ಬರುತ್ತಾಳೆ. ಮೊನ್ನೆ ಪ್ರವಾಸಿ ಹೆಂಗಸೊಬ್ಬಳು ಜೀಪಿನಿಂದ ಬಿಸ್ಕತ್ತು ಚಾಚಿದಳು. ಅಜ್ಜಿಯೂ ಆಸೆಯಿಂದ ಕೈ ನೀಡಿದಳು. ಮಾರ್ಗದರ್ಶಿ ಎರಾಸ್ಟಸ್, ಅಂದರೆ ಅಜ್ಜಿಯ ಸ್ವಂತ ಮಗ, ತಡೆದ.

"ಬೇಡ ಮೇಡಂ, ಅಭ್ಯಾಸ ಆಗ್ಬಿಡುತ್ತೆ. ಆಮೇಲೆ ಊರೊಳಗೇ ನುಗ್ತವೆ."

ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ಹೌದಮ್ಮಾ, ಅವನು ಹೇಳೋದು ಸರಿ," ಎಂದವಳೇ ತೊಟ್ಟಿಗೆ ಬಗ್ಗಿ, ಬಾಯಿ ಹಾಕಿ ನೀರು ಕುಡಿದಳು. ಹಳದಿ ಕ್ಯಾನನ್ನು ಅವಳೀಗ ತರುವುದಿಲ್ಲ. ಕತ್ತೆಕಿರುಬಕ್ಕೆ ಕ್ಯಾನಿನ ಅಗತ್ಯವಿಲ್ಲವೆಂದು ಸಮಿತಿ ತೀರ್ಮಾನಿಸಿದೆ.